ಬಾಳಗಡಿಯ ಬೂಟಣ್ಣ

ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಈ ಮೂರು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಾದರೂ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಏಳಲೊಲ್ಲದೆ ಮುಖ ಕಪ್ಪಗೆ ಮಾಡಿ ಕೂತರೆ, ಫೋನ್ ಹೋಗುವುದು ಬಾಳಗಡಿಗೆ. ಅಲ್ಲಿ ಬೂಟಣ್ಣ ಇದ್ದಾರೆ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ, ಊರಿಗೆ ಅದರ ಅಗತ್ಯ ಬಿದ್ದಿಲ್ಲ. ಬೆಂಗಳೂರಲ್ಲಿ ಕೆಲಸಕ್ಕಿದ್ದವರು, 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು, ಅಡಿಕೆ ತೋಟವನ್ನೂ ಲಿನಕ್ಸಿನ ತಿರುಳಾದ ಕರ್ನಲನ್ನೂ ಒಟ್ಟಿಗೆ ನೋಡಿಕೊಳ್ಳುತ್ತೇನೆಂದು ಇಲ್ಲೇ ಉಳಿದರು. ತೋಟವನ್ನು ಅಪ್ಪಯ್ಯ ನೋಡಿಕೊಳ್ಳುತ್ತಾರೆ.

ಇಂಥವರು ನಿಮ್ಮೂರಲ್ಲೂ ಒಬ್ಬರಿರುತ್ತಾರೆ. ಬೈಕಿನ ಕೀ ಗೊಂಚಲಿಗೆ ಪೆನ್‌ಡ್ರೈವ್ ಸಿಕ್ಕಿಸಿಕೊಂಡಿರುತ್ತಾರೆ. ರಿಪೇರಿಗೆ ದುಡ್ಡು ಮುಟ್ಟುವುದಿಲ್ಲ, ಕಾಫಿ ಬೇಡವೆನ್ನುವುದಿಲ್ಲ, ಬೇಗ ಏಳುವುದೂ ಇಲ್ಲ.

ಬೂಟಣ್ಣನ ಸಿದ್ಧಾಂತ ಒಂದೇ: ಕರ್ನಲ್ ತಪ್ಪು ಮಾಡುವುದಿಲ್ಲ, ತಪ್ಪು ಅದರ ಕೆಳಗಿದೆ. ಕೆಳಗೆ ಎಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕಂಪನಿಯವರು ತುಂಬಿ ಕಳಿಸಿದ ಫರ್ಮ್‌ವೇರ್. ಕರೆಂಟು ತಾಗಿದ ಕೂಡಲೇ ಮೊದಲು ಕಣ್ಣು ಬಿಡುವುದು ಅದು. ಮೆಮೊರಿಯ ನಕ್ಷೆ, ಬ್ಯಾಟರಿ, ಫ್ಯಾನು, ಯಾವ ಸಾಧನವನ್ನು ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಬೇಕು ಎಂಬ ಎಸಿಪಿಐ ಕೋಷ್ಟಕಗಳು ಎಲ್ಲವನ್ನೂ ಕರ್ನಲ್ ಕೈಗೆ ಒಪ್ಪಿಸುವುದು ಅದರ ಕೆಲಸ. ಕೋಷ್ಟಕ ಬರೆದ ಪುಣ್ಯಾತ್ಮರು ವಿಂಡೋಸ್ ಹಾಕಿ ಒಮ್ಮೆ ಓಡಿಸಿ ನೋಡಿ, ಓಡಿತು ಎಂದು ಮನೆಗೆ ಹೋಗಿರುತ್ತಾರೆ. ಆಮೇಲೆ ಅನುಭವಿಸುವವರು ಜಯಪುರದ ಮೇಷ್ಟ್ರು.

“ಎಂತ ಆಯ್ತು ಮೇಷ್ಟ್ರೆ?”

“ಎಂತದೂ ಇಲ್ಲ ಮಾರಾಯ, ನಿನ್ನೆ ಅಪ್‌ಡೇಟ್ ಕೇಳ್ತು, ಕೊಟ್ಟೆ. ಇವತ್ತು ಹೀಗೆ.”

ಬೂಟಣ್ಣ ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಕೀಲಿ ಒತ್ತುತ್ತಾರೆ. ಕರ್ನಲ್ ಸಾಲಿನಲ್ಲಿರುವ ‘ಕ್ವಯಟ್’, ‘ಸ್ಪ್ಲಾಶ್’ ಎರಡನ್ನೂ ಅಳಿಸುತ್ತಾರೆ. “ಬಾಯಿ ಮುಚ್ಚಿಸ್ಬಾರ್ದು ಮೇಷ್ಟ್ರೆ, ಅದು ಯಾರಿಗೆ ಬೈತದೆ ಅಂತ ನಮಗೆ ಕೇಳ್ಬೇಕು.” ಪರದೆ ತುಂಬ ಬಿಳಿ ಸಾಲುಗಳು ಓಡುತ್ತವೆ. ನಡುವೆ ಎಲ್ಲೋ ಚೌಕ ಕಂಸದೊಳಗೆ ‘ಫರ್ಮ್‌ವೇರ್ ಬಗ್’ ಎಂದು ಬಂತೋ, ಬೂಟಣ್ಣ ಕುರ್ಚಿಗೆ ಒರಗಿ ಕಾಲು ಚಾಚುತ್ತಾರೆ. ಹೀಗೆ ಬೈಯಲೆಂದೇ ಕರ್ನಲ್ ಬರೆದವರು ಆ ಎರಡು ಪದಗಳನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದಾರೆ. ಅದನ್ನು ಮನೆಯವರಿಗೆಲ್ಲ ತೋರಿಸದೆ ಬೂಟಣ್ಣ ಮುಂದೆ ಹೋಗುವುದಿಲ್ಲ. ಅಡುಗೆಮನೆಯಿಂದ ಅಮ್ಮನವರನ್ನೂ ಕರೆಸುತ್ತಾರೆ.

ಆಮೇಲೆ ಚಿಕಿತ್ಸೆ. ಮೊದಲು ಅದೇ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸುವುದು. ಜಗ್ಗದಿದ್ದರೆ ‘ಎಸಿಪಿಐ ಆಫ್’. ಯಂತ್ರ ಏಳುತ್ತದೆ. ಬ್ಯಾಟರಿ ಎಷ್ಟಿದೆಯೆಂದು ತೋರಿಸುವುದಿಲ್ಲ, ಟಚ್‌ಪ್ಯಾಡ್ ಅಲ್ಲಾಡುವುದಿಲ್ಲ, ನಾಲ್ಕು ಕೋರಿನಲ್ಲಿ ಒಂದೇ ಉಳಿದಿರುತ್ತದೆ. “ಅದೆಲ್ಲ ಬೇಕಾ ನಿಮ್ಗೆ?” ಎಂದು ಬೂಟಣ್ಣ ನಿಜವಾಗಿಯೂ ಆಶ್ಚರ್ಯಪಡುತ್ತಾರೆ. ಹೀಗೆ ಮೆನುವಿನಲ್ಲಿ ತಿದ್ದಿದ್ದು ಒಂದು ಸಲದ ಬೂಟಿಗೆ ಮಾತ್ರ. ಶಾಶ್ವತವಾಗಬೇಕಾದರೆ ಗ್ರಬ್‌ನ ಫೈಲಿನಲ್ಲಿ ಬರೆದಿಡಬೇಕು. ಬರೆದಿಟ್ಟರೆ ಮಾರನೆ ದಿನದ ಕಾಫಿ ತಪ್ಪುತ್ತದೆ.

ಅವರ ಅತಿ ಪ್ರೀತಿಯ ವಿಷಯ ಬೇರೆ ಇದೆ. ಫರ್ಮ್‌ವೇರ್ ಕರ್ನಲನ್ನು ವಿಚಾರಿಸಿಕೊಳ್ಳುತ್ತದಂತೆ: ನೀನು ವಿಂಡೋಸ್ ಏಳಾ? ಎಂಟಾ? ಹತ್ತಾ? ಕರ್ನಲ್ ಎಲ್ಲದಕ್ಕೂ ಹೌದೆನ್ನುತ್ತದೆ. ನೀನು ಲಿನಕ್ಸಾ ಎಂದರೆ ಮಾತ್ರ, 2007ರ 2.6.23ನೇ ಆವೃತ್ತಿಯಿಂದ ಈಚೆಗೆ, ಅಲ್ಲ ಎನ್ನುತ್ತದೆ. ನಿಜ ಹೇಳಿದರೆ ಫರ್ಮ್‌ವೇರ್ ತನ್ನಲ್ಲಿರುವ, ಯಾರೂ ಪರೀಕ್ಷಿಸಿರದ ದಾರಿ ಹಿಡಿದು ಹಳ್ಳಕ್ಕೆ ಬೀಳುತ್ತದೆ, ಅದಕ್ಕೆ. “ಪಂಕ್ತಿಯಲ್ಲಿ ಕೂತವನಿಗೆ ಗೋತ್ರ ಕೇಳಿದ ಹಾಗೆ ಮಾರಾಯ್ರೆ. ಪಾಯಸ ಬರೋ ತನಕ ಯಾವ ಗೋತ್ರ ಅಂದ್ರೂ ಹೌದು ಅನ್ಬೇಕು” ಎಂದು ಮದುವೆ ಮನೆಯಲ್ಲಿ, ಅದೂ ಪಂಕ್ತಿಯಲ್ಲೇ ಕೂತು, ಗಟ್ಟಿಯಾಗಿ ಹೇಳಿದ ಧೈರ್ಯಸ್ಥರು ಇವರೊಬ್ಬರೇ.

ಹಳೆಯ ಕತೆಗಳೂ ಅವರಲ್ಲಿ ಬೇಕಾದಷ್ಟಿವೆ. 2012ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಎಂಬ ಕರ್ನಲ್ ಪಂಡಿತ ಬಯಲಿಗೆಳೆದ ಲೆನೊವೊ ಡೆಸ್ಕ್‌ಟಾಪು: ಬೂಟ್ ನಮೂದಿನ ಹೆಸರು ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಥವಾ ‘ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್’ ಎಂದಿದ್ದರೆ ಮಾತ್ರ ಅದು ಬಾಗಿಲು ತೆಗೆಯುತ್ತಿತ್ತು. 2013ರಲ್ಲಿ ಲಿನಕ್ಸ್ ಬೂಟ್ ಮಾಡಿದ್ದೇ ತಡ ಶಾಶ್ವತವಾಗಿ ಕಣ್ಣು ಮುಚ್ಚಿದ ಸ್ಯಾಮ್ಸಂಗ್ ಲ್ಯಾಪ್‌ಟಾಪುಗಳು; ಯುಇಎಫ್‌ಐ ಫರ್ಮ್‌ವೇರಿನ ಉಗ್ರಾಣ ತುಂಬಿದರೆ ವಿಂಡೋಸ್‌ನಿಂದಲೂ ಅದೇ ಗತಿ ಎಂದು ಅದೇ ಗ್ಯಾರೆಟ್ ತೋರಿಸಿಕೊಟ್ಟ. ಈ ಜಾಗಕ್ಕೆ ಬಂದಾಗ ಬೂಟಣ್ಣನ ಧ್ವನಿ ಏರುತ್ತದೆ. ಕರ್ನಲ್ ನಿರಪರಾಧಿ!

ಶೃಂಗೇರಿ ಕಡೆಯ ಇಂಜಿನಿಯರಿಂಗ್ ಹುಡುಗನೊಬ್ಬ ಒಮ್ಮೆ ಮೆತ್ತಗೆ ಕೇಳಿದ: “ಅಣ್ಣ, 2017ರ ಡಿಸೆಂಬರಲ್ಲಿ ಉಬುಂಟು 17.10ನ್ನು ಡೌನ್‌ಲೋಡಿಂದ ಹಿಂದಕ್ಕೆ ತಗೊಂಡ್ರಲ್ಲ? ಅದರ ಕರ್ನಲ್‌ನಲ್ಲಿದ್ದ ಇಂಟೆಲ್ ಎಸ್‌ಪಿಐ ಡ್ರೈವರ್ರೇ ಕೆಲವು ಲ್ಯಾಪ್‌ಟಾಪಿನ ಬಯಾಸ್ ಫರ್ಮ್‌ವೇರ್ ಹಾಳು ಮಾಡಿದ್ದಲ್ವಾ?” ಬೂಟಣ್ಣ ಅವನನ್ನೇ ನೋಡಿದರು. ಆಮೇಲೆ, “ನಿಮ್ಮ ತೋಟಕ್ಕೆ ಈ ವರ್ಷ ಕೊಳೆ ಹೇಗುಂಟು? ಔಷಧಿ ಎಷ್ಟು ಸಲ ಹೊಡೆಸಿದ್ರಿ?” ಎಂದರು.

ಸುಮ್ಮನೆ ಬೂಟ್ ಆಗುವ ಯಂತ್ರದ ಮೇಲೆ ಅವರಿಗೆ ಗೌರವವಿಲ್ಲ. ಸಣ್ಣ ಕಾಯಿಲೆಯ ಮೇಲೂ ಇಲ್ಲ. ಆಷಾಢದ ಮಳೆಯಲ್ಲಿ ದಿನಗಟ್ಟಲೆ ಕರೆಂಟು ಹೋಗಿ ಬಂದಾಗ ಒಂದು ಸೊಸೈಟಿಯ ಹಳೇ ಕಂಪ್ಯೂಟರ್ ತಕರಾರು ತೆಗೆಯಿತು: ಡಿಸ್ಕಿನ ಮೇಲೆ ಕೊನೆಯ ಬಾರಿ ಬರೆದ ಸಮಯ ಭವಿಷ್ಯದಲ್ಲಿದೆ, ಎಂದು. “ನಾಳೆ ಬರೆದದ್ದನ್ನ ಇವತ್ತು ಓದು ಅಂದ್ರೆ ಅದಾದ್ರೂ ಎಂತ ಮಾಡ್ತದೆ?” ಎಂದು ಬೂಟಣ್ಣ ಕಣ್ಣರಳಿಸಿ ಕೂತರು. ನೋಡಿದರೆ ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ, 2032 ನಂಬರಿನದು, ಸತ್ತಿತ್ತು. ಗಡಿಯಾರ ಹಳೇ ಕಾಲಕ್ಕೆ ಹೋಗಿತ್ತು, ಬೂಟ್ ಸೆಟ್ಟಿಂಗುಗಳು ಕಾರ್ಖಾನೆಯ ಸ್ಥಿತಿಗೆ ಮರಳಿದ್ದವು. ಕೊಪ್ಪ ಪೇಟೆಯಿಂದ ಸೊಸೈಟಿಯ ಹುಡುಗ ಹೊಸ ಬಿಲ್ಲೆ ತಂದು ಹಾಕಿ, ಇಸವಿ ತಾರೀಕು ತುಂಬಿದ. ಎದ್ದು ನಿಂತಿತು. ಕಾಫಿ ಇನ್ನೂ ಒಲೆ ಮೇಲೆಯೇ ಇತ್ತು. ಅಂದು ಬೂಟಣ್ಣನ ಮುಖ ನೋಡಲಾಗುತ್ತಿರಲಿಲ್ಲ.

ಅವರ ಸ್ವಂತ ಲ್ಯಾಪ್‌ಟಾಪ್ ಜಗಲಿಯ ಮೇಜಿನ ಮೇಲೆ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಹೊಸ ಕರ್ನಲ್‌ಗಳು ಒಂದರ ಮೇಲೊಂದು ಬಂದು ಕೂತಿವೆ, ರೀಸ್ಟಾರ್ಟ್ ಮಾಡಿ ಎಂದು ಮೂಲೆಯಲ್ಲಿ ಸೂಚನೆ ಬೇಡುತ್ತಲೇ ಇರುತ್ತದೆ. ಕರೆಂಟು ಹೋದರೆ ಇನ್ವರ್ಟರು, ಇನ್ವರ್ಟರು ಕುಂದಿದರೆ ಅಪ್ಪಯ್ಯನ ಬೈಗುಳದ ನಡುವೆ ಜನರೇಟರು. ಒಂದು ಸಲ ಆಫ್ ಮಾಡಿ ಆನ್ ಮಾಡಬಾರದೇ ಎಂದು ಕೇಳಿದೆ.

“ಏಳ್ತದೆ ಅಂತ ಎಂತ ಗ್ಯಾರಂಟಿ ಮಾರಾಯ್ರೆ? ಅದರ ಫರ್ಮ್‌ವೇರ್ ನಾನು ನೋಡಿದ್ದೇನೆ.”