ಕಾಯಿ ಬಿಡತೈತೇನಪ್ಪಾ?

ಹರಪನಹಳ್ಳಿಯಲ್ಲಿ ಗಿಡ ಹಚ್ಚಿದವರು ಊರಿಗೆ ಜವಾಬು ಕೊಡಬೇಕು. ಕರಿಬೇವು, ನುಗ್ಗೆ, ನಿಂಬೆಗೆ ಈ ತಂಟೆಯಿಲ್ಲ. ಅವುಗಳ ಉಪಯೋಗ ಎಲ್ಲರಿಗೂ ಗೊತ್ತು, ಹೇಳದೆ ಕಿತ್ತುಕೊಂಡು ಹೋಗುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ನಾನು ಹಚ್ಚಿದ್ದು ಗೋಡೆಬಳ್ಳಿ. ಮುಡಿಯುವ ಹೂವಿಲ್ಲ, ಪರಿಮಳವಿಲ್ಲ. ಉಗುರಿನಷ್ಟು ಎಲೆ ಬಿಟ್ಟುಕೊಂಡು ಕಾಂಪೌಂಡಿಗೆ ಅಂಟಿ ಹಸಿರಾಗಿರುವುದೇ ಅದರ ಉದ್ಯೋಗ. 1913ರಲ್ಲಿ ಹಾಸ್ಯಸಾಹಿತಿ ಬೀಚಿಯವರು ಹುಟ್ಟಿದ ಊರು ಬೇರೆ ಇದು. ದಾರಿಹೋಕರಿಗೂ ಒಂದು ಮಾತು ಒಗೆಯದೆ ಕಾಲು ಮುಂದಕ್ಕೆ ಬರುವುದಿಲ್ಲ.

"ಕಾಯಿ ಬಿಡತೈತೇನಪ್ಪಾ?" ಪಕ್ಕದ ಮನೆಯ ದೊಡ್ಡವ್ವ ಕೇಳಿದಳು.

"ಇಲ್ಲ ದೊಡ್ಡವ್ವ, ಚಂದಕ್ಕ ಹಚ್ಚೀನಿ."

"ಹಡಗಲಿ ಮಲ್ಲಿಗಿ ಹಚ್ಚಿದ್ರ ಚಂದಾನೂ ಆಗ್ತಿತ್ತು, ನಿನ್ನ ಹೆಂಡ್ತಿ ಮುಡೀತಿದ್ಲು."

ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮಲ್ಲಿಗೆ ಪಕ್ಕದ ತಾಲ್ಲೂಕಿನಲ್ಲೇ ಇರುವಾಗ, ಚೀನಾ-ಜಪಾನಿನ ಕಡೆಯ ಈ ಬಳ್ಳಿಯ ಪರ ವಾದಿಸುವುದು ಕಷ್ಟ. ಅದೂ ಸಾಲದೆಂಬಂತೆ ಇದು ಆಲ, ಅರಳಿ, ಅತ್ತಿಗಳದೇ ಫೈಕಸ್ ಕುಲದ್ದು. ನೀರಿನ ಟ್ಯಾಂಕಿನ ಬುಡದಲ್ಲಿ ಅರಳಿ ಸಸಿ ಮೊಳೆತರೆ ಮನೆಗೆ ಕೇಡೆಂದು ಅಂಜಿ ಕೀಳಿಸುವ ನಾವೇ, ಅದರ ದಾಯಾದಿಯನ್ನು ನರ್ಸರಿಯಲ್ಲಿ ರೊಕ್ಕ ಕೊಟ್ಟು ತಂದು ಗೋಡೆಗೆ ಹತ್ತಿಸುತ್ತೇವೆ. ಈ ಸಂಗತಿಯನ್ನು ಆಗ ದೊಡ್ಡವ್ವನಿಗೆ ಹೇಳಲಿಲ್ಲ.

ಹಾಗಲ, ಹೀರೆಯ ಬಳ್ಳಿ ಕೈಚಾಚಿ ಆಸರೆ ಹುಡುಕುತ್ತದೆ. ಇದಕ್ಕೆ ಅಂಥ ದೈನ್ಯವಿಲ್ಲ. ಕಾಂಡದಿಂದ ಸಣ್ಣ ಸಣ್ಣ ಬೇರು ಹೊರಟು ಗೋಡೆಗೇ ಅಂಟಿಕೊಳ್ಳುತ್ತವೆ. ಏರುಬಳ್ಳಿಗಳ ಬಗ್ಗೆ 1865ರಲ್ಲಿ ಬರೆದ ಡಾರ್ವಿನ್, ಈ ಬೇರುಗಳನ್ನು ಗಾಜಿನ ತುಂಡಿಗೆ ಒತ್ತಿಸಿಟ್ಟು, ಅವು ಅಂಟಂಟಾದ ಹನಿ ಒಸರುವುದನ್ನು ಕಂಡಿದ್ದ. ನಮ್ಮ ಗೌಂಡಿ ಗಾಜಿನ ತನಕ ಹೋಗಲಿಲ್ಲ. ಒಂದು ಎಳೆ ಎಳೆದು ನೋಡಿದ. ಸುಣ್ಣದ ಹಕ್ಕಳೆಯೂ ಕಿತ್ತು ಬಂತು. "ಬಳ್ಳಿ ಕಿತ್ರ ಬಣ್ಣ ಬರತೈತಿ, ಪ್ಲಾಸ್ಟರ್ ಬರತೈತಿ, ಕಡೀಕ ನನಗ ಕೆಲಸ ಬರತೈತಿ. ಬೆಳಸ್ರೀ ಸರ, ಚಲೋ ಐತಿ" ಎಂದು ಹರಸಿದ.

ಹಚ್ಚಿದ ಹೊಸದರಲ್ಲಿ ಅದು ಅಲುಗಲಿಲ್ಲ. ಪಡುವಣ ಗೋಡೆ, ನಮ್ಮ ಏಪ್ರಿಲ್ ಬಿಸಿಲಿಗೆ ಕಲ್ಲೇ ಕಾದು ಹೆಂಚಾಗುತ್ತದೆ. ನಲ್ಲಿ ನೀರಿಗೆ ಕಾಯುವ ಮನೆಯಲ್ಲಿ ಚಂದಕ್ಕೆಂದು ಬಕೆಟ್ ಎತ್ತಿದರೆ ಹೆಂಡತಿಯ ಮುಖ ನೋಡುವ ಹಾಗಿಲ್ಲ. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು ಹಾಕಿ ಜೀವ ಹಿಡಿಸಿದೆ. ಆಮೇಲೊಂದು ಮಳೆಗಾಲ ಹಿಡಿಯಿತು ನೋಡಿ, ಗೋಡೆ ಮುಗಿಯಿತು, ಮೀಟರ್ ಡಬ್ಬಿ ಮುಗಿಯಿತು, ಮನೆಯ ಹೆಸರು ಬರೆದ ಕಲ್ಲೂ ಮುಗಿಯಿತು. ರೀಡಿಂಗಿಗೆ ಬಂದ ಹುಡುಗ "ಮೀಟರ್ ಎಲ್ಲಿ ಐತ್ರೀ?" ಎಂದರೆ ನಾನು ಎಲೆ ಸರಿಸಿ ದರ್ಶನ ಮಾಡಿಸುತ್ತಿದ್ದೆ.

ಮುಂದೆ ಅದು ದೊಡ್ಡವ್ವನ ಕಡೆಗೂ ಇಳಿಯಿತು. ಗಡಿ ದಾಟಿತೆಂದು ದೂರುವ ಬಾಯಿ ನಮ್ಮ ತಾಲ್ಲೂಕಿನವರಿಗಿಲ್ಲ. ಬಳ್ಳಾರಿಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹಬ್ಬಿ, ಮತ್ತೆ ಬಳ್ಳಾರಿಗೆ ತಿರುಗಿ, 2021ರಲ್ಲಿ ವಿಜಯನಗರವನ್ನು ತಬ್ಬಿಕೊಂಡಿತು. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ಕಂಡವರು ಆಳೆತ್ತರದ ಗೋಡೆ ದಾಟಿದ ಬಳ್ಳಿಗೆ ಯಾವ ಬುದ್ಧಿ ಹೇಳುವುದು?

ಇದಕ್ಕೆ ಮದ್ದು ಕತ್ತರಿಯೊಂದೇ. ಕತ್ತರಿಸುತ್ತಿದ್ದರೆ ಎಲೆ ಚಿಕ್ಕದಾಗಿ, ಗೋಡೆಗೆ ಒರಗಿಯೇ ಇರುತ್ತದೆ. ಬಿಟ್ಟರೆ ಗೋಡೆಯ ನೆತ್ತಿಯಿಂದ ದಪ್ಪ ಕೊಂಬೆ ಹೊರಚಾಚಿ, ಅಂಗೈಗೆ ಹತ್ತಿರದ ದೊಡ್ಡ ಎಲೆ ಬಿಡುತ್ತದೆ. ಅದೇ ಬಳ್ಳಿಯೆಂದು ನಂಬುವುದೇ ಕಷ್ಟ. ನನ್ನ ಕತ್ತರಿ ಮುಟ್ಟದ ಆಚೆ ಬದಿಯಲ್ಲಿ ಹಾಗೇ ಆಯಿತು. ಆ ಕೊಂಬೆಗಳಲ್ಲಿ ಕಾಯಿಯೂ ಬಿಟ್ಟಿತು.

ದೊಡ್ಡವ್ವ ಒಂದನ್ನು ಮುರಿದಳು. ಹಾಲು ಸುರಿಯಿತು. ಒಳಗೆ ಇಣುಕಿದಳು. "ಅಯ್ಯ, ಇದು ಅತ್ತಿ ಜಾತೀದಲ್ಲೋ!" ಡಾರ್ವಿನ್ನನೂ ಬೇಕಾಗಲಿಲ್ಲ. ತೈವಾನಿನಲ್ಲಿ ಇದರ ಒಂದು ತಳಿಯ ಬೀಜವನ್ನು ನೀರಲ್ಲಿ ಹಿಸುಕಿ ಜೆಲ್ಲಿ ಮಾಡುತ್ತಾರೆಂದು ನಾನು ಕಾಯಿಯ ಘನತೆ ಹೆಚ್ಚಿಸಲು ನೋಡಿದೆ. ಆಕೆಯ ಕಿವಿಗೆ ಬೀಳಲಿಲ್ಲ. ಅತ್ತಿ ಎಂದರೆ ಔದುಂಬರ, ಔದುಂಬರ ಎಂದರೆ ದತ್ತಾತ್ರೇಯ. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು.

"ಇನ್ನ ಗುರುವಾರ ಇದಕ್ಕ ಕತ್ತರಿ ಹಚ್ಚಬ್ಯಾಡಪ್ಪಾ."

ಬಳ್ಳಿ ಕತ್ತರಿಸಲು ಬರುವ ಹುಡುಗನಿಗೆ ಬಿಡುವಿರುವುದು ಗುರುವಾರ ಮಾತ್ರ.