ಚಂದನಕ್ಕೆ ಕಾಡಿಗೆ

ರಾಜಾಜಿನಗರದ ನಮ್ಮ ಬೀದಿಯ ದಿನಸಿ ಅಂಗಡಿಗೆ, ಅರ್ಧ ಕಿಲೋ ಉದ್ದಿನಬೇಳೆಯನ್ನೂ ಒಂದು ಗಂಧದ ಸೋಪನ್ನೂ ತರಲೆಂದು ಹೋದ ನಾನು, ಸ್ಯಾಂಟಲಾಲ್ ಎಂಬ ಶಬ್ದದ ನಿಷ್ಪತ್ತಿಯನ್ನು ಕುರಿತು ಉಪನ್ಯಾಸ ಮಾಡಿ ಬಂದೆನೆಂದಾಗ ಮನೆಯವರಾರೂ ಆಶ್ಚರ್ಯಪಡಲಿಲ್ಲ. ಉದ್ದಿನಬೇಳೆ ಎಲ್ಲಿ ಎಂದಷ್ಟೇ ಕೇಳಿದರು.

ತಪ್ಪು ಗಾಳಿಯದು. ಸಂಜೆ ಸೋಪು ಕಾರ್ಖಾನೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದವನ ಮೂಗಿಗೆ ಆ ಪರಿಮಳ ತಾಕಿದೊಡನೆ, ಹಿಂದಿನ ರಾತ್ರಿ ನಿಘಂಟಿನಲ್ಲಿ ಕಂಡದ್ದೆಲ್ಲ ನಾಲಗೆಗೆ ಬಂದು ಕುಳಿತಿತು. ನಮ್ಮ ಚಂದನವು ಅರಬರ, ಗ್ರೀಕರ ಬಾಯಿಗಳನ್ನು ಹಾಯ್ದು, ಲ್ಯಾಟಿನ್ನಿನಲ್ಲಿ ಸ್ಯಾಂಟಲಮ್ ಆಗಿ, ೧೭೫೩ರಲ್ಲಿ ಲಿನ್ನೇಯಸನಿಂದ ಮರಕ್ಕೆ ನಾಮಕರಣವಾಗಿ, ಕಡೆಗೆ ಅದರ ಎಣ್ಣೆಯ ಸಾರಕ್ಕೆ ಹೆಸರಾಯಿತು. ಬಾಲದ ‘ಆಲ್’ ಆಲ್ಕೊಹಾಲಿನ ತುಣುಕು. ಆಲ್ಕೊಹಾಲೋ ಅರಬ್ಬಿಯ ‘ಅಲ್ ಕುಹ್ಲ್’, ಅಂದರೆ ಕಣ್ಣಿನ ಕಾಡಿಗೆ! ಹದಿನೈದು ಇಂಗಾಲ, ಇಪ್ಪತ್ತನಾಲ್ಕು ಜಲಜನಕ, ಒಂದು ಆಮ್ಲಜನಕದ ಅಣುವಿನ ಹೆಸರನ್ನು ಬಿಡಿಸಿದರೆ ಸಿಕ್ಕುವುದು ನಮ್ಮಜ್ಜಿಯ ಅಲಂಕಾರದ ಪೆಟ್ಟಿಗೆ.

ಇದನ್ನು ಅಂಗಡಿಯವರಿಗೆ ನಿವೇದಿಸುತ್ತಿರಲು, ಪಕ್ಕದಲ್ಲಿ ಎರಡು ಸೋಪು ಹಿಡಿದು ನಿಂತಿದ್ದ ಮಡಿವಂತ ವೃದ್ಧೆಯೊಬ್ಬರು, “ಆಲ್ಕೊಹಾಲು ಅಂದಿರಾ?” ಎಂದರು.

ಅಂದಿದ್ದೆ.

“ಕುಡಿಯುವುದಲ್ಲ ತಾಯಿ, ರಸಾಯನಶಾಸ್ತ್ರದಲ್ಲಿ ಅದೊಂದು ಕುಲನಾಮ.”

“ಕುಲ ಯಾವುದಾದರೇನು, ಸಾರಾಯಿ ಸಾರಾಯಿಯೇ.”

ಒಂದು ಸೋಪನ್ನು ಕೆಳಗಿಟ್ಟು ಬೆರಳನ್ನು ಸೆರಗಿಗೆ ಒರೆಸಿಕೊಂಡರು. ನಾನು ಚರಿತ್ರೆಯ ಮೊರೆಹೊಕ್ಕೆ: ಮಹಾಯುದ್ಧದಿಂದ ದಿಮ್ಮಿಗಳು ಹಡಗೇರಲಾರದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಭುತ್ವದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೬ರಲ್ಲಿ ಇಲ್ಲಿಯೇ ಗಂಧದೆಣ್ಣೆಯನ್ನು ಭಟ್ಟಿ ಇಳಿಸಲಾರಂಭಿಸಿದರು ಎಂದೆ.

“ಭಟ್ಟಿ!” ಎಂದರು ಆಕೆ. ಎರಡನೆಯ ಸೋಪೂ ಇಳಿಯಿತು. ಮತ್ತೆ ಬೆರಳು, ಮತ್ತೆ ಸೆರಗು. ಬಳಿಕ, ಅದರಲ್ಲೇ ಮಿಂದು ಮಾಡಿದ ಪೂಜೆಗಳೆಷ್ಟೆಂದು ಎಣಿಸುವವರಂತೆ ಛಾವಣಿಯತ್ತ ನೋಡುತ್ತ ನಿಂತರು. ಅಂಗಡಿಯವರು ನನ್ನನ್ನು ನೋಡುತ್ತ ನಿಂತರು. ತಕ್ಕಡಿಯ ತಟ್ಟೆಯಲ್ಲಿ ನನ್ನ ಬೇಳೆಯೂ ಅಲುಗದೆ ನಿಂತಿದ್ದಿತು. ಆಕೆ ಹೊರಟುಹೋದ ಮೇಲೆ ಮೂರು ಸೋಪಿಗೂ ನಾನೇ ಹಣ ತೆತ್ತು, ಬೇಳೆಯನ್ನು ಅಲ್ಲಿಯೇ ಮರೆತೆ.

ಲೋಕ ಸುತ್ತಿ ಬಂದ ಮನೆಮಗಳನ್ನು ಬಾಗಿಲಲ್ಲೇ ಕೈ ಒರೆಸಿಕೊಂಡು ಕಳುಹಿಸಿದಂತಾಯಿತಲ್ಲಾ ಎಂದು ದಾರಿಯುದ್ದಕ್ಕೂ ಮುನಿದೆ. ಆದರೆ ಗಂಧದ ಗುರುತು ತಪ್ಪದೆ ಹಿಡಿಯುವವರೂ ಇದ್ದಾರೆ. ಮರಗಳ್ಳರಿಗೆ ಯಾವ ನಿಘಂಟೂ ಬೇಕಿಲ್ಲ. ಚೇಗು ಕೂಡುವುದಕ್ಕೆ ದಶಕಗಳು ಬೇಕು, ಗರಗಸಕ್ಕೆ ಒಂದು ರಾತ್ರಿ ಸಾಕು. ಹೆಸರಾದರೂ ಹಿಂದಿರುಗಿತು, ಮರ ಹಿಂದಿರುಗುವುದಿಲ್ಲ.

ಮರುದಿನ ಮನೆಯಲ್ಲಿ ಇಡ್ಲಿಯಿರಲಿಲ್ಲ. ಸ್ನಾನ ಮಾತ್ರ ಅಮೋಘವಾಗಿದ್ದಿತು.