ಕಂದುಕ ಪ್ರತ್ಯಾನಯನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಲು ಕೂತವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಮನೆಗೆ ನಾಯಿಮರಿ ತಂದು, ಸಂಜೆ ಅದರ ಮುಂದೆ ಚೆಂಡೆಸೆದು, ‘ತಗೊಂಬಾ, ತಗೊಂಬಾ’ ಎಂದು ಗಂಟಲು ಹರಿದುಕೊಂಡು, ಕೊನೆಗೆ ತಾನೇ ಸೊಂಟ ಬಗ್ಗಿಸಿ ಆ ಚೆಂಡನ್ನು ಎತ್ತಿಕೊಂಡು ಬಂದವನು. ವಿಷಯ, ಆ ಚೆಂಡು. ಸಂಬಂಧ, ಮರಿಗೂ ಚೆಂಡಿಗೂ ಇರುವಂಥದ್ದು. ಮರಿಗೂ ತನಗೂ ಇದೆಯೆಂದು ಯಜಮಾನ ನಂಬಿಕೊಂಡಿರುವಂಥದ್ದು. ಪ್ರಯೋಜನವನ್ನು ಗ್ರಂಥದ ಕೊನೆಯಲ್ಲಿ ನೋಡಿಕೊಳ್ಳತಕ್ಕದ್ದು.

ಈ ಕ್ರಿಯೆಗೆ ಐದು ಅಂಗ: ಕ್ಷೇಪ, ಧಾವನ, ಗ್ರಹಣ, ಪ್ರತ್ಯಾಗಮನ, ಅರ್ಪಣ. ಕ್ಷೇಪ ಯಜಮಾನನ ಪಾಲಿನದು, ಅದರಲ್ಲಿ ವಿವಾದವಿಲ್ಲ. ಧಾವನ, ಗ್ರಹಣಗಳಿಗೆ ಮರಿಗೆ ಗುರು ಬೇಕಿಲ್ಲ. ಓಡುವುದನ್ನು ಅಟ್ಟು, ಸಿಕ್ಕಿದ್ದನ್ನು ಕಚ್ಚು ಎಂಬುದು ತೋಳದ ಮನೆತನದಿಂದ ಬಂದ ಪಿತ್ರಾರ್ಜಿತ. ಉಳಿದೆರಡು ಅಂಗಗಳಲ್ಲೇ ಸಮಸ್ತ ಜಗಳ.

ತೋಳದ ಮಾತು ಬಂದದ್ದರಿಂದ ಇಲ್ಲೇ ಒಂದು ಅಪವಾದವನ್ನು ತೀರಿಸಿಕೊಳ್ಳೋಣ. ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಾಕಿ ಬೆಳೆಸಿದ 13 ತೋಳದ ಮರಿಗಳಿಗೆ, ಎಂಟು ವಾರದ ಪ್ರಾಯದಲ್ಲಿ, ಪರಿಚಯವೇ ಇಲ್ಲದ ಮನುಷ್ಯನಿಂದ ಟೆನಿಸ್ ಚೆಂಡು ಎಸೆಸಿ ನೋಡಿದರು. 3 ಮರಿಗಳು ಅದನ್ನು ಕಚ್ಚಿಕೊಂಡು ಆತನ ಬಳಿ ಬಂದವು. ಯಾರೂ ಕಲಿಸಿರಲಿಲ್ಲ. 2020ರಲ್ಲಿ ಇದು ಪ್ರಕಟವಾದಾಗ ವಿದ್ವತ್ ಪ್ರಪಂಚ ಬೆರಗಾಯಿತು. ಹದಿಮೂರಕ್ಕೆ ಮೂರು ಎಂದರೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಗೆ ಕರೆದರೆ ಬರುವವರ ಪ್ರಮಾಣಕ್ಕಿಂತ ಮೇಲು. ಕರೆದರೆ ಬರುವ ಗುಣ ಮನುಷ್ಯ ನಾಯಿಯನ್ನು ಪಳಗಿಸುವ ಮೊದಲೇ ಕೆಲವರ ರಕ್ತದಲ್ಲಿತ್ತು ಎಂದು ಆ ವಿದ್ವಾಂಸರ ಇಂಗಿತ. ಉಳಿದ ಹತ್ತಕ್ಕೆ ಸ್ವಂತ ವಿವೇಚನೆ ಇತ್ತು ಎಂದು ನಮ್ಮದು.

ಕುಲಭೇದವೂ ಇದೆ. ಲ್ಯಾಬ್ರಡಾರಿನ ಪೂರ್ವಿಕರು ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆಗಿದ್ದು, ತಪ್ಪಿಸಿಕೊಂಡ ಮೀನನ್ನು ತಣ್ಣೀರಿಗೆ ಹಾರಿ ಹಿಡಿದು ತರುತ್ತಿದ್ದವರು. ಬ್ರಿಟನ್ನಿನ ಜಮೀನುದಾರರು ಇದನ್ನು ಕಂಡರು. ಬಾತುಕೋಳಿಗೆ ಗುಂಡು ಹೊಡೆಯುವುದು ತಮ್ಮ ಘನತೆಗೆ ತಕ್ಕದ್ದೆಂದೂ, ಕೆಸರಿಗಿಳಿದು ಅದನ್ನು ಎತ್ತುವುದು ತಕ್ಕದ್ದಲ್ಲವೆಂದೂ ತೀರ್ಮಾನಿಸಿ, ಹಲ್ಲೂರದೆ ಬಾಯಲ್ಲಿ ಹಿಡಿದು ತರುವ ಸಂತತಿಯನ್ನು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದರು. ಅಲ್ಲಿನ ಕೆನಲ್ ಕ್ಲಬ್ 1903ರಲ್ಲಿ ಈ ಕುಲಕ್ಕೆ ಮಾನ್ಯತೆ ಕೊಟ್ಟಿತು. ನಮ್ಮ ಮುಧೋಳದ ನಾಯಿಯ ದಾರಿಯೇ ಬೇರೆ. ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿ ಹಿಡಿಯುವ ಜಾತಿ. ಚೆಂಡು ಉರುಳುವಷ್ಟು ಹೊತ್ತು ಅದರ ಆಸಕ್ತಿ. ಚೆಂಡು ನಿಂತರೆ ಆಸಕ್ತಿಯೂ ನಿಂತಿತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿದೆ, ನಿಜ. ಚೀಟಿಯ ಮೇಲೆ ಕೂತವರು ಬಟವಾಡೆಯನ್ನೂ ಮಾಡಬೇಕೆಂದು ಯಾವ ಕಾಯಿದೆಯಲ್ಲೂ ಇಲ್ಲ.

ಇನ್ನು ಶಬ್ದಪ್ರಮಾಣ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸರಮೆ ಎಂಬ ದೇವಶುನಿ ಪಣಿಗಳು ಕದ್ದು ಬಚ್ಚಿಟ್ಟ ಹಸುಗಳನ್ನು ಹುಡುಕಿಕೊಂಡು ಹೋಗುತ್ತಾಳೆ. ನಮ್ಮ ಜೊತೆಗೇ ಇದ್ದುಬಿಡು, ಪಾಲು ಕೊಡುತ್ತೇವೆ ಎಂದು ಪಣಿಗಳು ಆಸೆ ತೋರಿಸಿದರೂ ಒಪ್ಪುವುದಿಲ್ಲ. ಆದರೆ ಹಸುಗಳನ್ನು ತಂದಳೇ? ಇಲ್ಲ. ಎಲ್ಲಿವೆಯೆಂದು ಪತ್ತೆ ಮಾಡಿದಳು, ಬಿಡಿಸಿ ತರುವ ಕೆಲಸವನ್ನು ಇಂದ್ರನಿಗೆ ಬಿಟ್ಟಳು. ಮಹಾಭಾರತಕ್ಕೆ ಬನ್ನಿ. ಕುರುಕುಮಾರರ ಚೆಂಡು ಬಾವಿಗೆ ಬಿದ್ದಾಗ ಅರಮನೆಯಲ್ಲಿ ಒಂದು ನಾಯಿಯೂ ಕದಲಿದ ಉಲ್ಲೇಖವಿಲ್ಲ. ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನೆಟ್ಟು ಅದನ್ನು ಮೇಲೆತ್ತಿದವರು ಸಾಕ್ಷಾತ್ ದ್ರೋಣಾಚಾರ್ಯರು. ಏಕಲವ್ಯನ ಪ್ರಸಂಗದಲ್ಲಿ ನಾಯಿಯೊಂದು ಅವನು ಬಿಟ್ಟ ಏಳು ಬಾಣಗಳನ್ನು ಬಾಯಲ್ಲಿ ಹೊತ್ತುಕೊಂಡು ಬಂದದ್ದುಂಟು. ಆದರೆ ಬಂದದ್ದು ಪಾಂಡವರ ಬಳಿಗೆ, ಬಿಟ್ಟವನ ಬಳಿಗಲ್ಲ. ಆದ್ದರಿಂದ ಅಲ್ಲಿ ಗ್ರಹಣ, ಪ್ರತ್ಯಾಗಮನ ಎರಡೂ ಸಿದ್ಧ, ಅರ್ಪಣದ ವಿಳಾಸ ಮಾತ್ರ ತಪ್ಪು. ಒಟ್ಟಿನಲ್ಲಿ ಆರ್ಷ ಸಂಪ್ರದಾಯ ಮರಿಯ ಪಕ್ಷದಲ್ಲೇ ಇದೆ.

ಈಗ ಪ್ರತ್ಯಕ್ಷಪ್ರಮಾಣ. ಪ್ರಯೋಗಕ್ಕೆ ಒದಗಿದ ಪ್ರಾಣಿಯ ಹೆಸರು ಜಿಮ್ಮಿ. ವಯಸ್ಸು ಮೂರು ತಿಂಗಳು. ತಾಯಿ ಲ್ಯಾಬ್ರಡಾರ್, ತಂದೆ ದೇಶಾಂತರ. ಚೆಂಡನ್ನು ತಾರದೆ ಇರುವುದರಲ್ಲಿ ಜಿಮ್ಮಿ ತೋರುವ ವೈವಿಧ್ಯವನ್ನು ಕಂಡಾಗ, ಅಭಾವದಲ್ಲಿ ನಾಲ್ಕು ಬಗೆಯೆಂದು ತಾರ್ಕಿಕರು ಹೇಳಿದ್ದು ನಾಯಿ ಸಾಕಿದ ಮೇಲೆಯೇ ಇರಬೇಕು ಎನಿಸುತ್ತದೆ. ಎಸೆದ ಚೆಂಡನ್ನೂ ಎಸೆದ ಕೈಯನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತ ಕೂತಲ್ಲೇ ಕೂತಿದ್ದರೆ ಅದು ಪ್ರಾಗಭಾವ. ತರುವಿಕೆ ಇನ್ನೂ ಹುಟ್ಟಿಲ್ಲ, ಹುಟ್ಟಬಹುದು, ಕಾಯಬೇಕು. ಚೆಂಡನ್ನು ಮೂಲೆಗೊಯ್ದು ಎರಡು ಮುಂಗಾಲ ನಡುವೆ ಇಟ್ಟುಕೊಂಡು, ಸ್ಪಂಜನ್ನು ಚೂರು ಚೂರಾಗಿ ಕಿತ್ತು ಉಗುಳುತ್ತಿದ್ದರೆ ಪ್ರಧ್ವಂಸಾಭಾವ. ಇನ್ನು ತರಲು ವಸ್ತುವೇ ಇಲ್ಲ. ಚೆಂಡಿಗೆಂದು ಓಡಿಹೋಗಿ ನನ್ನ ಎಡಗಾಲಿನ ಚಪ್ಪಲಿಯನ್ನು ಹೆಮ್ಮೆಯಿಂದ ತಂದು ಒಪ್ಪಿಸಿದರೆ ಅನ್ಯೋನ್ಯಾಭಾವ, ಏಕೆಂದರೆ ಚಪ್ಪಲಿ ಚೆಂಡಲ್ಲ, ಚೆಂಡು ಚಪ್ಪಲಿಯಲ್ಲ. ಚೆಂಡು ಪಕ್ಕದ ಮನೆಯ ಕಾಂಪೌಂಡಿಗೆ ಹಾರಿದರೆ ಅತ್ಯಂತಾಭಾವ. ಆ ಮನೆಯವರ ಸ್ವಭಾವ ಬಲ್ಲವರು ಮೂರು ಕಾಲಕ್ಕೂ ಅದು ಬಾರದೆಂದು ಒಪ್ಪುತ್ತಾರೆ.

ಇಲ್ಲಿ ಪ್ರಬಲವಾದ ಪೂರ್ವಪಕ್ಷವೊಂದಿದೆ. ಅದು ನಮ್ಮ ಅತ್ತೆಯವರದು. ಅವರು ಅವರೆಕಾಯಿ ಸುಲಿಯುತ್ತ ಒಂದು ಸಂಜೆ ಪ್ರಯೋಗವನ್ನೆಲ್ಲ ನೋಡಿ ಕೇಳಿದರು: “ಅಲ್ಲಾ ಅಳಿಯಂದಿರೇ, ಬೇಡ ಅಂತ ತಾನೇ ನೀವು ಅದನ್ನ ಬಿಸಾಕಿದ್ದು? ಬಿಸಾಕಿದ್ದನ್ನ ತಂದು ಕೊಡೋಕೆ ಅದಕ್ಕೇನು ಹುಚ್ಚೇ?” ಇದನ್ನು ಖಂಡಿಸುವುದು ಸುಲಭವಲ್ಲ. ಬೇಡವಾಗಿದ್ದರೆ ಎಸೆದವನು ‘ತಗೊಂಬಾ’ ಎನ್ನುತ್ತಿರಲಿಲ್ಲ ಎಂದು ಸಮಾಧಾನ ಹೇಳಿದರೆ, ಬೇಕಾಗಿದ್ದರೆ ಎಸೆಯುತ್ತಲೇ ಇರಲಿಲ್ಲ ಎಂದು ಪ್ರತ್ಯುತ್ತರ ಸಿದ್ಧವಿರುತ್ತದೆ.

ಆದರೂ ಸಿದ್ಧಾಂತ ಹೇಳಲೇಬೇಕು. ಚೆಂಡು ಬಾಯಿಗೆ ಸಿಕ್ಕ ಮೇಲೆ ಜಿಮ್ಮಿ ಕೈಗೆ ಎಟುಕದಷ್ಟೇ ದೂರ ಬಂದು ನಿಲ್ಲುತ್ತದೆ. ಮುಂಗಾಲು ನೆಲಕ್ಕೆ, ಹಿಂಭಾಗ ಆಕಾಶಕ್ಕೆ, ಚೆಂಡು ಒಂದು ದವಡೆಗೆ, ಕಣ್ಣು ನನ್ನ ಮೊಣಕಾಲಿಗೆ. ನಾನು ಒಂದು ಹೆಜ್ಜೆ ಇಟ್ಟರೆ ಅದು ಮೂರು ಹಾರುತ್ತದೆ. ಈ ಕ್ಷಣದಲ್ಲಿ ಅಟ್ಟಿಸಿಕೊಂಡು ಹೋದವನು ಆಟದ ಹೆಸರನ್ನೇ ಬದಲಾಯಿಸಿಬಿಟ್ಟ. ಅಲ್ಲಿಂದ ಮುಂದೆ ಅದು ಮುಟ್ಟಾಟ, ಔಟಾಗುವವನು ಯಾವಾಗಲೂ ಯಜಮಾನನೇ. ಬೆನ್ನು ತಿರುಗಿಸಿ ಆಚೆಗೆ ಓಡಬೇಕು, ಇಲ್ಲವೇ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಬೇಕು. ಅಟ್ಟುವ ಪಿತ್ರಾರ್ಜಿತ ಆಗ ನಮ್ಮ ಕಡೆಗೆ ಕೆಲಸ ಮಾಡುತ್ತದೆ: ಓಡುವುದು ನಾವು, ಅಟ್ಟುವುದು ಅದು. ಮನೆಯೊಳಗಾದರೆ ಕೋಣೆಗಳ ಬಾಗಿಲು ಮುಚ್ಚಿ ಪ್ಯಾಸೇಜಿನ ಬಾಯಿಗೆ ಕೂರುವುದು ಉತ್ತಮ. ಮರಳಲು ಬೇರೆ ದಾರಿಯೇ ಇರುವುದಿಲ್ಲ. ಜಾರುವ ಟೈಲ್ಸ್ ಇದ್ದಲ್ಲಿ ಚಾಪೆ ಹಾಸಬೇಕು, ಎಳೆಯ ಕೀಲುಗಳು.

ಬಾಯಿಂದ ಕಿತ್ತುಕೊಳ್ಳತಕ್ಕದ್ದಲ್ಲ. ಅರ್ಪಣ ವಿನಿಮಯದಿಂದಲೇ ಸಿದ್ಧಿಸುವುದು. ಒಂದೇ ಥರದ ಎರಡು ಚೆಂಡಿಟ್ಟುಕೊಂಡು, ಅದರ ಬಾಯಲ್ಲಿರುವುದಕ್ಕಿಂತ ನಮ್ಮ ಕೈಯಲ್ಲಿರುವುದೇ ಶ್ರೇಷ್ಠವೆಂದು ನಟಿಸಬೇಕು. ಅಥವಾ ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಬಳಿ ಹಿಡಿದು, ಚೆಂಡು ಬೀಳುವ ಗಳಿಗೆಗೆ ಸರಿಯಾಗಿ ‘ಬಿಡು’ ಎನ್ನಬೇಕು. ಪಾವ್ಲೊವ್‌ಗೆ 1904ರಲ್ಲಿ ನೊಬೆಲ್ ಬಹುಮಾನ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಜಿಮ್ಮಿಯ ಆಸಕ್ತಿಯೂ ಆ ವಿಭಾಗದಲ್ಲೇ ಇದೆ. ಚೂರು ಕೊಟ್ಟ ಮೇಲೆ ಚೆಂಡನ್ನೂ ಹಿಂದಕ್ಕೆ ಕೊಡಬೇಕು. ಕೊಟ್ಟರೆ ಕಳೆದುಹೋಗುವುದಿಲ್ಲ ಎಂಬ ಭರವಸೆ ಹುಟ್ಟುವುದು ಹಾಗೆಯೇ. ನಾಲ್ಕೈದು ಸಲ ಎಸೆದು, ಮರಿಗೆ ಇನ್ನೂ ಬೇಕೆನಿಸುವಾಗಲೇ ಆಟ ಮುಗಿಸುವುದು ಕ್ಷೇಮ.

ದ್ರವ್ಯಶುದ್ಧಿಯ ಬಗ್ಗೆ ಎರಡು ಮಾತು. ಚೆಂಡು ಗಂಟಲಿಗೆ ಇಳಿಯುವಷ್ಟು ಸಣ್ಣದಿರಬಾರದು. ಕೋಲು ಬೇಡ, ಸಿಬಿರು ಬಾಯಿಗೆ ಚುಚ್ಚುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ 28 ಹಾಲುಹಲ್ಲು ಉದುರತೊಡಗಿ 42 ಹೊಸವು ಬರುವ ಕಾಲದಲ್ಲಿ ಒಸಡು ನೋಯುತ್ತಿರುತ್ತದೆ; ಆಗ ಗಟ್ಟಿ ಚೆಂಡಿಗೆ ಬದಲು ಗಂಟು ಹಾಕಿದ ಹಳೆಯ ಕಾಲುಚೀಲ ಸಾಕು.

ಸಿದ್ಧಾಂತಕ್ಕೆ ಅತ್ಯಂತ ದೊಡ್ಡ ಸಾಕ್ಷ್ಯ ಒದಗಿದ್ದು ಪೂರ್ವಪಕ್ಷದಿಂದಲೇ. ಅತ್ತೆಯವರು ಎಸೆಯಲಿಲ್ಲ, ಕರೆಯಲಿಲ್ಲ, ಕೈ ಚಾಚಲಿಲ್ಲ, ಮೊರದಿಂದ ಕಣ್ಣೆತ್ತಲೂ ಇಲ್ಲ. ಜಿಮ್ಮಿ ತಾನಾಗಿ ಹೋಗಿ ಜೊಲ್ಲು ಸುರಿಯುವ ಚೆಂಡನ್ನು ಅವರ ಪಾದದ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಕೂತಿತು. “ಥೂ, ನಂಗ್ಯಾಕೋ ಇದು? ಅವರಿಗೆ ಕೊಡು ಹೋಗು” ಎಂದರು. ಅದು ಚೆಂಡನ್ನು ಇನ್ನಷ್ಟು ಹತ್ತಿರಕ್ಕೆ ಮೂತಿಯಿಂದ ತಳ್ಳಿತು.

ಅಥ ಫಲಶ್ರುತಿ. ಇದನ್ನು ನಿತ್ಯ ಪಠಿಸುವವರ ಚಪ್ಪಲಿಗಳು ಜೋಡಿಯಾಗಿಯೇ ಉಳಿಯುವವು. ಕೇಳುವವರಿಗೆ ಸೋಫಾದಡಿ ಹೋದ ರಿಮೋಟು ದೊರಕುವುದು. ಆಚರಿಸುವವರಿಗೆ, ಚೆಂಡು ಬಂದರೆ ಚೆಂಡು. ಬಾರದಿದ್ದರೆ, ಎದ್ದು ಹೋಗಿ ತರಬೇಕಾದ್ದರಿಂದ, ಹೊಟ್ಟೆಯ ಬೊಜ್ಜು ಒಂದು ಮಂಡಲದಲ್ಲಿ ಕರಗುವುದು.